ಮೊನಾಯ್ಡ್ ಒಳ್ಳೇದಿದ್ರೆ ಅದರ ಗ್ರೂಪೂ ಒಳ್ಳೇದಿರುತ್ತಾ?

ಪ್ರಶ್ನೆ: ಮೇಡಂ ನಮಸ್ತೆ, ನಾನು ಮಂಡ್ಯದ ಕಡೆಯವನು, ಮಾನಸಗಂಗೋತ್ರಿಲಿ ಎಂಎಸ್ಸಿ ಮ್ಯಾಥ್ಸ್ ಕೊನೇ ವರ್ಷ ಓದ್ತಿದೀನಿ. ಪ್ರಾಜೆಕ್ಟ್‌ಗೆ ಮೊನಾಯ್ಡ್‌ಗಳ ಫೈನೈಟ್‌ನೆಸ್ ಪ್ರಾಪರ್ಟಿ ತಗೊಂಡಿದೀನಿ. ಎಂ ಅನ್ನೋ ಮೊನಾಯ್ಡ್‌ಗೆ ಒಂದು ಪ್ರೆಸೆಂಟೇಶನ್ (ಅಂದ್ರೆ ಜನರೇಟರ್ ಅಕ್ಷರಗಳು, ಅವುಗಳ ನಡುವಿನ ರಿಲೇಶನ್ ಸಮೀಕರಣಗಳು) ಇದೆ ಅಂದ್ಕೊಳ್ಳಿ, ಅದೇ ಪ್ರೆಸೆಂಟೇಶನ್‌ನ ಗ್ರೂಪ್ ಅಂತ ಓದಿದ್ರೆ ಜಿ ಅನ್ನೋ ಗ್ರೂಪ್ ಸಿಗುತ್ತೆ. ಎಂ ಎಫ್‌ಪಿ-ಎನ್ ಆದ್ರೆ, ಅಂದ್ರೆ ಎನ್‌ನೇ ಮೆಟ್ಟಿಲ ತನಕ ಫೈನೈಟ್ ಆದ್ರೆ, ಜಿ ಕೂಡ ಎಫ್‌ಪಿ-ಎನ್ ಆಗುತ್ತಾ? ಉಲ್ಟಾ ಹೇಳಬಹುದಾ? ನಂಗೆ ಆಗುತ್ತೆ ಅನ್ಸುತ್ತೆ, ರೂಮ್‌ಮೇಟ್ ಇಲ್ಲ ಅಂತಾನೆ, ಇಬ್ಬರ ಹತ್ರಾನೂ ಪ್ರೂಫ್ ಇಲ್ಲ.

ಉತ್ತರ: ನಮಸ್ತೆ. ಮೊದಲೇ ಹೇಳಿಬಿಡ್ತೀನಿ, ನಿಮ್ಮ ರೂಮ್‌ಮೇಟ್ ಹೇಳಿದ್ದೇ ಸರಿ, ಆದ್ರೆ ನೀವು ಹೇಳಿದ್ದರಲ್ಲೂ ಅರ್ಧ ನಿಜ ಇದೆ, ಆ ಅರ್ಧ ಎಲ್ಲಿಗೆ ನಿಲ್ಲುತ್ತೆ ಅನ್ನೋದೇ ನಿಮ್ಮ ಪ್ರಾಜೆಕ್ಟಿನ ಜೀವ. ಎಂ ಇಂದ ಜಿ ಗೆ ಬರೋವಾಗ 1 ಮತ್ತೆ 2ನೇ ಮೆಟ್ಟಿಲು ಯಾವಾಗಲೂ ಭದ್ರ, 3ನೇ ಮೆಟ್ಟಿಲಿಂದ ಯಾವ ಗ್ಯಾರಂಟಿನೂ ಇಲ್ಲ. ಜಿ ಇಂದ ಎಂ ಗೆ ಹೋಗ್ತೀನಿ ಅಂದ್ರೆ ಮೊದಲನೇ ಮೆಟ್ಟಿಲಿಗೇ ಗ್ಯಾರಂಟಿ ಇಲ್ಲ. ಬರೀ ಹೀಗೆ ಹೇಳಿ ಬಿಟ್ರೆ ನಿಮಗೆ ಉಪಯೋಗ ಇಲ್ಲ, ಪೆನ್ನು ಪೇಪರ್ ಹಿಡ್ಕೊಂಡು ಕೂತು ನೀವೇ ಚೆಕ್ ಮಾಡೋ ಹಾಗೆ ಉದಾಹರಣೆ ಸಮೇತ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ನೀವು ಮಂಡ್ಯ ಕಡೆಯವರು ಅಂದ್ರಿ, ಆಲೆಮನೆ ನೋಡೇ ಇರ್ತೀರ. ಕಬ್ಬನ್ನ ಗಾಣಕ್ಕೆ ಕೊಡೋದು, ಹಾಲು ಸೋಸೋದು, ಕೊಪ್ಪರಿಗೆಲಿ ಕಾಯಿಸೋದು, ಅಚ್ಚಿಗೆ ಹುಯ್ಯೋದು, ಒಂದಾದ ಮೇಲೆ ಒಂದು ಕೆಲಸ. ಎರಡು ಕೆಲಸ ಸೇರಿಸಿದ್ರೆ ಇನ್ನೊಂದು ಕೆಲಸ, ಏನೂ ಮಾಡದೆ ಸುಮ್ಮನೆ ನಿಂತರೂ ಅದೂ ಒಂದು ಲೆಕ್ಕ, ಅದೇ ಐಡೆಂಟಿಟಿ. ಆದ್ರೆ ಅರೆದ ಕಬ್ಬನ್ನ ವಾಪಸ್ ಜಲ್ಲೆ ಮಾಡೋಕೆ ಆಗಲ್ಲ. ಇದು ಮೊನಾಯ್ಡ್. ಪ್ರತಿಯೊಂದು ಕೆಲಸಕ್ಕೂ ಅದನ್ನ ಬಿಚ್ಚಿ ಹಿಂದಕ್ಕೆ ತರೋ ಕೆಲಸ ಒಂದು ಇದ್ರೆ ಅದು ಗ್ರೂಪ್. ಎಂ ಇಂದ ಜಿ ಮಾಡೋದು ಅಂದ್ರೆ ಎಲ್ಲದಕ್ಕೂ ಬಲವಂತವಾಗಿ ಉಲ್ಟಾ ಕೊಟ್ಟುಬಿಡೋದು, ಹಾಗೆ ಕೊಟ್ಟಾಗ ಏನೇನು ಒಂದಕ್ಕೊಂದು ಅಂಟಿಕೊಳ್ಳುತ್ತೋ ಅಂಟಿಕೊಳ್ಳಲಿ ಅಂತ ಬಿಡೋದು. ಕೆಲವು ಸಲ ಅಷ್ಟೂ ಮಾಹಿತಿ ಕರಗಿ ಹೋಗುತ್ತೆ. ಉದಾಹರಣೆಗೆ ಎಂ ನಲ್ಲಿ ಸೊನ್ನೆ ಇದೆ ಅನ್ನಿ, ಅಂದ್ರೆ ಯಾವುದರ ಜೊತೆ ಗುಣಿಸಿದ್ರೂ ಸೊನ್ನೆನೇ ಬರೋ ಎಲಿಮೆಂಟು. ಸೊನ್ನೆಗೆ ಉಲ್ಟಾ ಕೊಟ್ಟ ತಕ್ಷಣ ಅದನ್ನ ಎರಡೂ ಕಡೆಯಿಂದ ಹೊಡೆದು ಹಾಕಬಹುದು, ಎಲ್ಲ ಎಲಿಮೆಂಟೂ 1 ಆಗಿಬಿಡುತ್ತೆ, ಜಿ ಪೂರ್ತಿ ಟ್ರಿವಿಯಲ್.

ಈಗ ಎಫ್‌ಪಿ-ಎನ್ ಮೆಟ್ಟಿಲು. ಗ್ರೂಪ್‌ಗಳಲ್ಲಿ ಇದರ ಅರ್ಥ ಮನಸ್ಸಿಗೆ ಬೇಗ ಹತ್ತುತ್ತೆ. ಮೊದಲ ಮೆಟ್ಟಿಲು ಜನರೇಟರ್‌ಗಳು ಫೈನೈಟ್, ಎರಡನೇದು ಹೆಚ್ಚುಕಮ್ಮಿ ರಿಲೇಶನ್‌ಗಳು ಫೈನೈಟ್, ಮೂರನೇದು ರಿಲೇಶನ್‌ಗಳ ನಡುವಿನ ರಿಲೇಶನ್‌ಗಳು ಫೈನೈಟ್, ಹೀಗೇ ಮೇಲಕ್ಕೆ ಹೋಗುತ್ತೆ. ಎರಡನೇದಕ್ಕೆ ಹೆಚ್ಚುಕಮ್ಮಿ ಅಂದಿದ್ದು ಸುಮ್ಮನೆ ಅಲ್ಲ, ಎಫ್‌ಪಿ-2 ಆದರೂ ಫೈನೈಟ್ ಪ್ರೆಸೆಂಟೇಶನ್ ಇಲ್ಲದ ಗ್ರೂಪ್‌ಗಳನ್ನ ಬೆಸ್ಟ್‌ವಿನಾ ಮತ್ತು ಬ್ರೇಡಿ 1997ರಲ್ಲಿ ಕೊಟ್ಟಿದಾರೆ. ಸರಿಯಾದ ಡೆಫಿನಿಶನ್ ಅಂದ್ರೆ, ಇಂಟಿಜರ್‌ಗಳ ಝಡ್ ಮೇಲೆ ಎಂ ನ ಪ್ರತಿ ಎಲಿಮೆಂಟೂ ಏನೂ ಮಾಡದೆ ಸುಮ್ಮನಿರುತ್ತೆ ಅಂದ್ಕೊಂಡು ಅದನ್ನ ಝಡ್‌ಎಂ ಅನ್ನೋ ಮೊನಾಯ್ಡ್ ರಿಂಗ್ ಮೇಲಿನ ಮಾಡ್ಯೂಲ್ ಅಂತ ನೋಡ್ತೀವಿ, ಅದಕ್ಕೆ ಒಂದು ಪ್ರೊಜೆಕ್ಟಿವ್ ರೆಸಲ್ಯೂಶನ್, ಅಂದ್ರೆ ಫ್ರೀ ಮಾಡ್ಯೂಲ್‌ಗಳ ಡೈರೆಕ್ಟ್ ಸಮ್ಯಾಂಡ್‌ಗಳ ಎಕ್ಸಾಕ್ಟ್ ಸಾಲು, ಬರೀತೀವಿ, ಎನ್‌ನೇ ಜಾಗದ ತನಕ ಎಲ್ಲ ಮಾಡ್ಯೂಲೂ ಫೈನೈಟ್ಲಿ ಜನರೇಟೆಡ್ ಇರೋ ಹಾಗೆ ಬರೆಯೋಕೆ ಆದ್ರೆ ಎಫ್‌ಪಿ-ಎನ್. ಎಷ್ಟು ಮೇಲಕ್ಕೆ ಹೋದ್ರೂ ಆಗುತ್ತೆ ಅಂದ್ರೆ ಎಫ್‌ಪಿ-ಇನ್ಫಿನಿಟಿ. ಇಲ್ಲಿ ಎಡ ಮಾಡ್ಯೂಲ್ ಬೇರೆ ಬಲ ಮಾಡ್ಯೂಲ್ ಬೇರೆ. ಗ್ರೂಪ್‌ನಲ್ಲಿ ಇನ್ವರ್ಸ್ ಇರೋದ್ರಿಂದ ಎಡ ಬಲ ಎರಡೂ ಒಂದೇ ಉತ್ತರ ಕೊಡುತ್ತೆ, ಮೊನಾಯ್ಡ್‌ನಲ್ಲಿ ಕೊಡಲ್ಲ, ಎಷ್ಟು ಬೇರೆ ಆಗಬಹುದು ಅಂತ ನೋಡಿದ್ರೆ ಆಶ್ಚರ್ಯ ಆಗುತ್ತೆ.

ವಿಶ್ವೇಶ್ವರಯ್ಯ ನಾಲೆ ಕಡೆ ಊರುಗಳಲ್ಲಿ ನೀರುಗಂಟಿ ಮಾಡೋ ಕೆಲಸ ನೆನಪು ಮಾಡ್ಕೊಳ್ಳಿ. ತೂಬಿನ ಗೇಟು ಇಷ್ಟು ಎತ್ತರಕ್ಕೆ ಇಡು ಅಂತ ಒಂದು ಆರ್ಡರ್ ಬರುತ್ತೆ, ಆಮೇಲೆ ಇನ್ನೊಂದು ಎತ್ತರಕ್ಕೆ ಇಡು ಅಂತ ಬರುತ್ತೆ. ಮೊದಲು ಏನೇ ಹೇಳಿದ್ರೂ ಕೊನೇ ಆರ್ಡರ್ ಮಾತ್ರ ಉಳಿಯುತ್ತೆ. ಅಂದ್ರೆ ಮೊದಲು ಪ, ಆಮೇಲೆ ಫ ಮಾಡಿದ್ರೆ ಪಫ = ಫ. ಎತ್ತರಗಳು ಲೆಕ್ಕವಿಲ್ಲದಷ್ಟು ಅಂದ್ಕೊಳ್ಳಿ, ಜೊತೆಗೆ ಏನೂ ಮಾಡಬೇಡ ಅನ್ನೋ 1 ಸೇರಿಸಿ. ಇದು ಒಂದು ಮೊನಾಯ್ಡ್, ಫೈನೈಟ್ಲಿ ಜನರೇಟೆಡ್ ಅಂತೂ ಅಲ್ಲ. ಈಗ ಎಡಗಡೆಯಿಂದ ನೋಡಿ. ಯಾವ ಎಲಿಮೆಂಟಿಂದ ಎಡಕ್ಕೆ ಗುಣಿಸಿದ್ರೂ ಪ ಅಲುಗಾಡಲ್ಲ, ಹಾಗಾಗಿ ಝಡ್‌ಎಂ ಒಳಗೆ ಪ ಹುಟ್ಟಿಸೋ ಎಡ ಐಡಿಯಲ್ ಬರೀ ಪ ನ ಇಂಟಿಜರ್ ಮಲ್ಟಿಪಲ್‌ಗಳು, ಅಂದ್ರೆ ನಮ್ಮ ಆ ಸುಮ್ಮನಿರೋ ಝಡ್ಡೇ ಅದು. ಪ ಗುಣಿಸು ಪ ಅಂದ್ರೆ ಪ ನೇ, ಐಡೆಂಪೊಟೆಂಟ್, ಅದಕ್ಕೆ ಆ ಐಡಿಯಲ್ ಝಡ್‌ಎಂ ನ ಡೈರೆಕ್ಟ್ ಸಮ್ಯಾಂಡ್, ಪ್ರೊಜೆಕ್ಟಿವ್. ರೆಸಲ್ಯೂಶನ್ ಒಂದೇ ಹೆಜ್ಜೆಗೆ ಮುಗೀತು. ಎಡಗಡೆಯಿಂದ ಎಫ್‌ಪಿ-ಇನ್ಫಿನಿಟಿ! ಬಲಗಡೆಯಿಂದ ಬನ್ನಿ. ಎಫ್‌ಪಿ-1 ಆಗಬೇಕು ಅಂದ್ರೆ ಪ − 1, ಫ − 1 ಥರದ ಎಲಿಮೆಂಟ್‌ಗಳು ತುಂಬಿರೋ ಆಗ್ಮೆಂಟೇಶನ್ ಐಡಿಯಲ್ ಬಲ ಐಡಿಯಲ್ ಆಗಿ ಫೈನೈಟ್ಲಿ ಜನರೇಟೆಡ್ ಆಗಬೇಕು. ಆದ್ರೆ (ಪ − 1) ನ ಬಲಕ್ಕೆ ಫ ಇಂದ ಗುಣಿಸಿದ್ರೆ ಪಫ − ಫ, ಅಂದ್ರೆ ಫ − ಫ, ಅಂದ್ರೆ 0. ಒಂದು ಇನ್ನೊಂದನ್ನ ಹುಟ್ಟಿಸೋದೇ ಇಲ್ಲ, ಎತ್ತರಗಳು ಎಷ್ಟಿದೆಯೋ ಅಷ್ಟೂ ಜನರೇಟರ್ ಬೇಕು. ಎಡಕ್ಕೆ ಎಫ್‌ಪಿ-ಇನ್ಫಿನಿಟಿ, ಬಲಕ್ಕೆ ಎಫ್‌ಪಿ-1 ಕೂಡ ಇಲ್ಲ. ಜಿ ಏನಾಯ್ತು? ಪ ಗುಣಿಸು ಪ = ಪ, ಒಂದು ಪ ಹೊಡೆದು ಹಾಕಿ, ಪ = 1. ಜಿ ಟ್ರಿವಿಯಲ್, ಅದಕ್ಕಿಂತ ಒಳ್ಳೇ ಗ್ರೂಪ್ ಇಲ್ಲ. ಜಿ ಚೆನ್ನಾಗಿದ್ರೆ ಎಂ ಚೆನ್ನಾಗಿರುತ್ತಾ ಅನ್ನೋ ನಿಮ್ಮ ಉಲ್ಟಾ ಪ್ರಶ್ನೆಗೆ ಇಷ್ಟೇ ಸಾಕು, ಅಲ್ಲಿಗೆ ಮುಗೀತು.

ಇದೇ ಲೆಕ್ಕದಿಂದ ಇನ್ನೊಂದು ಮಾತೂ ಗೊತ್ತಾಗುತ್ತೆ. ಸೊನ್ನೆ ಇರೋ ಯಾವ ಮೊನಾಯ್ಡ್ ಆದರೂ ಎಡಕ್ಕೂ ಬಲಕ್ಕೂ ಎಫ್‌ಪಿ-ಇನ್ಫಿನಿಟಿ, ಅದರೊಳಗೆ ಎಷ್ಟೇ ಗೋಜಲು ಇರಲಿ, ಜನರೇಟರ್‌ಗಳೇ ಇನ್ಫೈನೈಟ್ ಇರಲಿ. ಅದಕ್ಕೇ ಮೊನಾಯ್ಡ್‌ಗಳಲ್ಲಿ ಎಫ್‌ಪಿ-ಎನ್ ಅಂದ ತಕ್ಷಣ ಗ್ರೂಪ್ ಥರ ಊಹೆ ಮಾಡಬೇಡಿ ಅಂತ ನಾನು ಎಲ್ಲ ಸ್ಟೂಡೆಂಟ್ಸ್‌ಗೂ ಹೇಳೋದು. ಬೇಕಾದ್ರೆ ಸೊನ್ನೆನೂ ಇಲ್ಲದ, ಕ್ಯಾನ್ಸಲ್ ಆಗೋ, ಕಮ್ಯುಟೇಟಿವ್ ಉದಾಹರಣೆನೇ ತಗೊಳ್ಳಿ. ಮೈಸೂರಿನ ಒಂದು ಹೋಟೆಲಲ್ಲಿ ದೋಸೆ ತಗೊಂಡ್ರೆ ಮಾತ್ರ ವಡೆ ಕೊಡ್ತಾರೆ ಅಂದ್ಕೊಳ್ಳಿ. ಬಿಲ್ಲು ಅಂದ್ರೆ ಇಷ್ಟು ದೋಸೆ ಇಷ್ಟು ವಡೆ ಅನ್ನೋ ಜೋಡಿ, ಒಂದೋ ದೋಸೆ ಕನಿಷ್ಠ 1 ಇರಬೇಕು, ಇಲ್ಲ ಅಂದ್ರೆ ಬಿಲ್ಲೇ ಖಾಲಿ. ಎರಡು ಬಿಲ್ಲು ಕೂಡಿಸಿದ್ರೆ ಬಿಲ್ಲೇ ಬರುತ್ತೆ. 1 ದೋಸೆ 0 ವಡೆ, 1 ದೋಸೆ 1 ವಡೆ, 1 ದೋಸೆ 2 ವಡೆ, ಇವು ಯಾವುದನ್ನೂ ಇನ್ನೂ ಚಿಕ್ಕ ಬಿಲ್ಲುಗಳಾಗಿ ಒಡೆಯೋಕೆ ಆಗಲ್ಲ, ಹಾಗಾಗಿ ಜನರೇಟರ್‌ಗಳು ಇನ್ಫೈನೈಟ್. ಆದ್ರೆ ಕಳೆಯೋಕೆ ಬಿಟ್ರೆ ದೋಸೆ ವಡೆ ಎರಡೂ ಬಿಡಿಬಿಡಿಯಾಗಿ ಬರುತ್ತೆ, ಜಿ ಅಂದ್ರೆ ಇಂಟಿಜರ್‌ಗಳ ಜೋಡಿ, ಎರಡೇ ಜನರೇಟರ್. ಇನ್ನೂ ಚೆಂದ ಏನಂದ್ರೆ ಈ ಮೊನಾಯ್ಡ್ ಎಫ್‌ಪಿ-1! 1 ದೋಸೆ ಎರಡು ವಡೆಯ ಬಿಲ್ಲನ್ನ ಬ2 ಅನ್ನೋಣ, ಹಾಗೇ ಬ0, ಬ1. ಬ0 ಜೊತೆ ಬ2 ಸೇರಿಸಿದ್ರೂ ಬ1 ಜೊತೆ ಬ1 ಸೇರಿಸಿದ್ರೂ ಒಂದೇ, 2 ದೋಸೆ 2 ವಡೆ. ಐಡಿಯಲ್ ಒಳಗೆ ಬ0 ಮತ್ತೆ ಬ1 ನ 1 ಅಂದ್ಕೊಂಡ್ರೆ ಬ2 ಕೂಡ ತಾನಾಗೇ 1 ಆಗುತ್ತೆ, ಆಮೇಲೆ ಬ3, ಬ4 ಸಾಲಾಗಿ. ಎರಡು ಜನರೇಟರ್ ಸಾಕಾಯ್ತು. ಗ್ರೂಪ್‌ನಲ್ಲಿ ಎಫ್‌ಪಿ-1 ಅಂದ್ರೆ ಫೈನೈಟ್ಲಿ ಜನರೇಟೆಡ್ ಅಂತಾನೇ ಅರ್ಥ, ಮೊನಾಯ್ಡ್‌ನಲ್ಲಿ ಅಲ್ಲ. ಈ ಲೆಕ್ಕ ಒಂದು ಸಲ ಕೈಯಲ್ಲಿ ಬರೆದು ನೋಡಿ, ಓದಿದ್ರೆ ಸಾಲಲ್ಲ.

ಈಗ ಮುಖ್ಯ ದಿಕ್ಕು, ಎಂ ಇಂದ ಜಿ ಗೆ. ಮೊದಲು ನಿಮ್ಮ ಪರವಾಗಿ ಇರೋದು ಹೇಳ್ತೀನಿ. ಎಂ ಗೆ ಎಡ ರೆಸಲ್ಯೂಶನ್ ಒಂದು ಇದೆ ಅನ್ನಿ. ಅದನ್ನ ಝಡ್‌ಜಿ ಜೊತೆ ಟೆನ್ಸರ್ ಮಾಡಿದ್ರೆ ಝಡ್‌ಜಿ ಮೇಲಿನ ಪ್ರೊಜೆಕ್ಟಿವ್‌ಗಳ ಸಾಲು ಸಿಗುತ್ತೆ, ಫೈನೈಟ್ ಇದ್ದದ್ದು ಫೈನೈಟಾಗೇ ಇರುತ್ತೆ. ತೊಂದರೆ ಏನು ಅಂದ್ರೆ ಟೆನ್ಸರ್ ಮಾಡಿದ ಮೇಲೆ ಸಾಲು ಎಕ್ಸಾಕ್ಟ್ ಆಗಿ ಉಳಿಯಬೇಕು ಅಂತೇನಿಲ್ಲ, ಎಲ್ಲಿ ಒಡೆಯುತ್ತೆ ಅಂತ ಟಾರ್ ಅಳೆಯುತ್ತೆ. ಕೊನೇ ಜಾಗದಲ್ಲಿ ಎಂ ನ ಬಿಂಬ ಜಿ ನ ಜನರೇಟ್ ಮಾಡೋದ್ರಿಂದ ಝಡ್ಡೇ ಸಿಗುತ್ತೆ, ಅಲ್ಲಿಗೆ ಎಫ್‌ಪಿ-1 ದಾಟಿತು. ಟಾರ್-1 ಏನು? ಇಲ್ಲಿ ಟೋಪಾಲಜಿ ಸಹಾಯಕ್ಕೆ ಬರುತ್ತೆ. ಎಂ ನ ಕ್ಲಾಸಿಫೈಯಿಂಗ್ ಸ್ಪೇಸ್ ಬಿಎಂ ತಗೊಳ್ಳಿ, ಅಂದ್ರೆ ಎಂ ನ ಗುಣಾಕಾರದಿಂದ ಕಟ್ಟಿದ ಒಂದು ಆಕಾರ, ಅದರ ಫಂಡಮೆಂಟಲ್ ಗ್ರೂಪ್ ಕರೆಕ್ಟಾಗಿ ಜಿ. ಈ ಟಾರ್‌ಗಳು ಅಂದ್ರೆ ಬಿಎಂ ನ ಯೂನಿವರ್ಸಲ್ ಕವರಿನ ಹೋಮಾಲಜಿ. ಯೂನಿವರ್ಸಲ್ ಕವರ್ ಸಿಂಪ್ಲಿ ಕನೆಕ್ಟೆಡ್, ಹಾಗಾಗಿ ಮೊದಲ ಹೋಮಾಲಜಿ ಸೊನ್ನೆ, ಟಾರ್-1 ಸೊನ್ನೆ. ಎಫ್‌ಪಿ-2 ಕೂಡ ದಾಟಿತು. ಟಾರ್-2 ಅಂದ್ರೆ ಬಿಎಂ ನ ಎರಡನೇ ಹೋಮೋಟೊಪಿ ಗ್ರೂಪು, ಅಂದ್ರೆ ಬಿಎಂ ಒಳಗೆ ಯಾರೂ ತುಂಬಿಸದೆ ಬಿಟ್ಟ ಗೋಳಗಳು. ಅದು ಸೊನ್ನೆ ಆಗಲೇಬೇಕು ಅಂತ ಯಾವ ಕಾರಣಾನೂ ಇಲ್ಲ. ಜಿ ಗೆ ಎಫ್‌ಪಿ-3 ಬೇಕು ಅಂದ್ರೆ ಆ ಗೋಳಗಳನ್ನ ಫೈನೈಟ್ ಆಗಿ ತುಂಬಿಸೋಕೆ ಆಗಬೇಕು, ಎಂ ಗೆ ಆ ಚಿಂತೆನೇ ಇಲ್ಲ.

ಕಾರಣ ಇಲ್ಲ ಅಂದ್ರೆ ಸಾಲಲ್ಲ, ಒಡೆದು ತೋರಿಸಬೇಕು. ಈ ಕಟ್ಟಡ ನಂಗೆ ತುಂಬ ಇಷ್ಟ, ಬೋರ್ಡ್ ಮೇಲೆ 10 ನಿಮಿಷಕ್ಕೆ ಮುಗಿಯುತ್ತೆ, ದೊಡ್ಡ ಥಿಯರಿ ಏನೂ ಬೇಡ.

ಫೈನೈಟ್ ಪ್ರೆಸೆಂಟೇಶನ್ ಇರೋ ಯಾವ ಗ್ರೂಪ್ ಬೇಕಾದ್ರೂ ತಗೊಳ್ಳಿ, ಹ ಅಂತ ಕರೆಯೋಣ. ಅದರ ಜನರೇಟರ್‌ಗಳು ಕ, ಗ ಇತ್ಯಾದಿ, ಅವುಗಳ ಇನ್ವರ್ಸ್‌ಗೆ ಬೇರೆ ಅಕ್ಷರ ಕೊಡಿ, ಕ ಗೆ ಖ, ಗ ಗೆ ಘ. 1 ಆಗಬೇಕಾದ ರಿಲೇಟರ್ ಪದಗಳನ್ನ ರ1, ರ2 ಅನ್ನಿ. ಈಗ ತ ಅನ್ನೋ ಹೊಸ ಅಕ್ಷರ ಒಂದು ತನ್ನಿ. ಮೊನಾಯ್ಡ್‌ಗೆ ಈ ರೂಲ್‌ಗಳು ಮಾತ್ರ: ಕಖತ → ತ, ಖಕತ → ತ, ಪ್ರತಿ ಜನರೇಟರ್‌ಗೂ ಹೀಗೇ, ಆಮೇಲೆ ಪ್ರತಿ ರಿಲೇಟರ್‌ಗೂ ರ1ತ → ತ, ರ2ತ → ತ. ಅಷ್ಟೇ. ಬರೀ ಕಖ ಬಂದ್ರೆ ಅದು ಹಾಗೇ ಉಳಿಯುತ್ತೆ, ಪಕ್ಕದಲ್ಲಿ ತ ಇದ್ರೆ ಮಾತ್ರ ತ ಅದನ್ನ ನುಂಗುತ್ತೆ. ಈ ಮೊನಾಯ್ಡೇ ಎಂ.

ಪ್ರತಿ ರೂಲೂ ಪದದ ಉದ್ದ ಕಮ್ಮಿ ಮಾಡುತ್ತೆ, ಹಾಗಾಗಿ ಯಾವ ಪದದಿಂದ ಶುರು ಮಾಡಿದ್ರೂ ಒಂದು ಕಡೆ ನಿಲ್ಲಲೇಬೇಕು. ಎರಡು ರೂಲ್ ಒಂದೇ ಜಾಗಕ್ಕೆ ಜಗಳ ಆಡುತ್ತಾ ಅನ್ನೋದು ಮುಂದಿನ ಪ್ರಶ್ನೆ. ಎಡಗಡೆ ಪದ ಎಲ್ಲದರಲ್ಲೂ ತ ಒಂದೇ ಸಲ ಬರುತ್ತೆ, ಅದೂ ಕಟ್ಟಕಡೆಯಲ್ಲಿ. ಒಂದರ ಬಾಲ ಇನ್ನೊಂದರ ತಲೆ ಆಗಬೇಕು ಅಂದ್ರೆ ಆ ಬಾಲದಲ್ಲಿ ತ ಇರುತ್ತೆ, ಆ ತಲೆಯಲ್ಲೂ ತ ಇರಬೇಕು, ತಲೆಯಲ್ಲಿ ತ ಇದೆ ಅಂದ್ರೆ ಅದು ಪೂರ್ತಿ ಪದಾನೇ. ಅಂದ್ರೆ ಒಂದು ಪೂರ್ತಿ ಪದ ಇನ್ನೊಂದರ ಬಾಲ ಆದ್ರೆ ಮಾತ್ರ ಜಗಳ. ರಿಲೇಟರ್‌ಗಳನ್ನ ಮೊದಲೇ ಕ ಖ ಕತ್ತರಿಸಿ ರೆಡ್ಯೂಸ್ ಮಾಡಿಟ್ಟುಕೊಂಡ್ರೆ ಅವು ಕಖ ದಲ್ಲಿ ಕೊನೆಯಾಗಲ್ಲ. ಒಂದು ರಿಲೇಟರ್ ಇನ್ನೊಂದರ ಬಾಲ ಆಗಿದ್ರೆ ದೊಡ್ಡದರಲ್ಲಿ ಆ ಬಾಲ ಕತ್ತರಿಸಿ ಮಿಕ್ಕಿದ್ದನ್ನೇ ರಿಲೇಟರ್ ಅಂತ ಇಟ್ಕೊಳ್ಳಿ, ಗ್ರೂಪ್ ಬದಲಾಗಲ್ಲ. ಒಟ್ಟು ಉದ್ದ ಕಮ್ಮಿ ಆಗ್ತಾ ಹೋಗೋದ್ರಿಂದ ಇದೂ ಒಂದು ಕಡೆ ನಿಲ್ಲುತ್ತೆ. ಒಂದೇ ಅಕ್ಷರದ ರಿಲೇಟರ್ ಉಳಿದ್ರೆ ಆ ಜನರೇಟರನ್ನೇ ತೆಗೆದುಹಾಕಿ. ಇಷ್ಟು ಮಾಡಿದ ಮೇಲೆ ಜಗಳ ಒಂದೂ ಇಲ್ಲ. ಫೈನೈಟ್ ಕಂಪ್ಲೀಟ್ ರಿರೈಟಿಂಗ್ ಸಿಸ್ಟಮ್ (ಯಾವ ದಾರಿ ಹಿಡಿದ್ರೂ ಒಂದೇ ಕಡೆ ನಿಲ್ಲೋ ರೂಲ್‌ಗಳು) ರೆಡಿ, ಅದೂ ಒಂದೇ ಒಂದು ಕ್ರಿಟಿಕಲ್ ಪೇರ್, ಅಂದ್ರೆ ಜಗಳ, ಇಲ್ಲದ್ದು.

ಫೈನೈಟ್ ಕಂಪ್ಲೀಟ್ ಸಿಸ್ಟಮ್ ಇರೋ ಮೊನಾಯ್ಡ್ ಎಫ್‌ಪಿ-3 ಅಂತ ಸ್ಕ್ವಯರ್ 1987ರಲ್ಲಿ ತೋರಿಸಿದ್ರು. ಅದರ ಮೇಲಕ್ಕೂ, ಎಫ್‌ಪಿ-ಇನ್ಫಿನಿಟಿ ತನಕ ಹೋಗುತ್ತೆ ಅನ್ನೋದು ಆನಿಕ್ 1986ರಲ್ಲಿ ಆಲ್ಜೀಬ್ರಾಗಳಿಗೆ ಕಟ್ಟಿದ ರೆಸಲ್ಯೂಶನ್ನಿಂದಾನೂ, 1990ರ ಕೊಬಯಾಶಿ ಕೆಲಸದಿಂದಾನೂ, ಬ್ರೌನ್ ಅವರ ಟೋಪಾಲಜಿ ದಾರಿಯಿಂದಾನೂ ಬರುತ್ತೆ. ಹಾಗಾಗಿ ನಮ್ಮ ಎಂ ಎಡಕ್ಕೂ ಬಲಕ್ಕೂ ಎಫ್‌ಪಿ-ಇನ್ಫಿನಿಟಿ. ವರ್ಡ್ ಪ್ರಾಬ್ಲಮ್, ಅಂದ್ರೆ ಎರಡು ಪದ ಒಂದೇ ಎಲಿಮೆಂಟಾ ಅಂತ ಹೇಳೋದು, ಅದೂ ಸುಲಭ, ರೂಲ್ ಹಾಕ್ತಾ ಹೋಗಿ, ನಿಂತಲ್ಲಿ ಹೋಲಿಸಿ. ಇನ್ನೇನು ಬೇಕು ಹೇಳಿ ಒಂದು ಮೊನಾಯ್ಡ್‌ನಿಂದ.

ಅದರ ಜಿ ಏನು? ಗ್ರೂಪ್ ಅಂತ ಓದಿದ ತಕ್ಷಣ ತ ಗೆ ಉಲ್ಟಾ ಸಿಗ್ತು, ಎರಡೂ ಕಡೆ ತ ಹೊಡೆದು ಹಾಕಿ, ಕಖ = 1, ರ1 = 1, ರ2 = 1. ತ ಮಾತ್ರ ಯಾರ ಹಂಗೂ ಇಲ್ಲದೆ ಉಳೀತು. ಅಂದ್ರೆ ಜಿ ಅನ್ನೋದು ಹ ಮತ್ತೆ ಇನ್ಫೈನೈಟ್ ಸೈಕ್ಲಿಕ್ ಗ್ರೂಪಿನ ಫ್ರೀ ಪ್ರಾಡಕ್ಟ್. ಹ ಯಾವುದು ಬೇಕಾದ್ರೂ ಆಗಬಹುದಿತ್ತು, ಆಯ್ಕೆ ನಮ್ಮದು! ಸ್ಟಾಲಿಂಗ್ಸ್ 1963ರಲ್ಲಿ ಕೊಟ್ಟ ಗ್ರೂಪ್ ತಗೊಳ್ಳಿ: ಎರಡು ಜನರೇಟರಿನ ಫ್ರೀ ಗ್ರೂಪ್ ಮೂರನ್ನ ಡೈರೆಕ್ಟ್ ಪ್ರಾಡಕ್ಟ್ ಮಾಡಿ, ಆರೂ ಜನರೇಟರ್‌ಗಳನ್ನ ಇಂಟಿಜರ್ 1ಕ್ಕೆ ಕಳಿಸಿ, ಆ ಮ್ಯಾಪಿನ ಕರ್ನಲ್. ಅದಕ್ಕೆ ಫೈನೈಟ್ ಪ್ರೆಸೆಂಟೇಶನ್ ಇದೆ, ಆದ್ರೆ ಎಫ್‌ಪಿ-3 ಅಲ್ಲ. ಹ ಅನ್ನೋದು ಜಿ ಯ ರಿಟ್ರಾಕ್ಟ್ (ತ ನ 1 ಮಾಡಿದ್ರೆ ಜಿ ಇಂದ ಹ ವಾಪಸ್ ಸಿಗುತ್ತೆ), ಜಿ ಎಫ್‌ಪಿ-3 ಆಗಿದ್ರೆ ಹ ಕೂಡ ಆಗಬೇಕಿತ್ತು, ಹಾಗಾಗಿ ಜಿ ಎಫ್‌ಪಿ-3 ಅಲ್ಲ. ಎಂ ಎರಡೂ ಕಡೆ ಎಫ್‌ಪಿ-ಇನ್ಫಿನಿಟಿ, ಜಿ ಎಫ್‌ಪಿ-3 ಕೂಡ ಇಲ್ಲ. ಮೂರರ ಬದಲು ಹೆಚ್ಚು ಫ್ರೀ ಗ್ರೂಪ್ ಹಾಕಿದ್ರೆ ಬಿಯೇರಿ ತೋರಿಸಿದ ಹಾಗೆ ಒಡೆಯೋ ಮೆಟ್ಟಿಲೂ ಮೇಲಕ್ಕೆ ಹೋಗುತ್ತೆ, ಅಂದ್ರೆ 3 ಅಂತ ಅಲ್ಲ, 4, 5, ನಿಮಗೆ ಯಾವ ಮೆಟ್ಟಿಲಲ್ಲಿ ಒಡೀಬೇಕೋ ಅಲ್ಲೇ ಒಡೆಸಬಹುದು. ಇನ್ನೂ ಮುಂದೆ ಹೋಗಿ ವರ್ಡ್ ಪ್ರಾಬ್ಲಮ್ ಬಗೆಹರಿಸೋಕೇ ಆಗದ ಗ್ರೂಪ್ ಹಾಕಿ, ಅಂಥವು ಇವೆ ಅಂತ ನೋವಿಕಾಫ್ 1955ರಲ್ಲೇ ಪ್ರೂವ್ ಮಾಡಿದಾರೆ. ಆಗ ಎಂ ನಲ್ಲಿ ವರ್ಡ್ ಪ್ರಾಬ್ಲಮ್ ಮಕ್ಕಳಾಟ, ಅದೇ ರೂಲ್‌ಗಳನ್ನ ಗ್ರೂಪ್ ಅಂತ ಓದಿದ ಜಿ ನಲ್ಲಿ ಯಾವ ಕಂಪ್ಯೂಟರಿಂದಾನೂ ಆಗಲ್ಲ. ಮೊದಲ ಸಲ ಇದನ್ನ ಬರೆದು ನೋಡಿದ ದಿನ ನಂಗೆ ರಾತ್ರಿ ತುಂಬ ಹೊತ್ತು ನಿದ್ದೆ ಬಂದಿರಲಿಲ್ಲ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಎಫ್‌ಡಿಟಿ ಅಂದ್ರೆ ಫೈನೈಟ್ ಡೆರಿವೇಶನ್ ಟೈಪ್ (ಒಂದು ಪದದಿಂದ ಇನ್ನೊಂದಕ್ಕೆ ಹೋಗೋ ಬೇರೆ ಬೇರೆ ದಾರಿಗಳು ಒಂದೇ ಅಂತ ತೋರಿಸೋಕೆ ಫೈನೈಟ್ ಸಮೀಕರಣ ಸಾಕು ಅನ್ನೋದು) ಬಂದೇ ಬರುತ್ತೆ, ಅದಕ್ಕೂ ಇದೇ ಉತ್ತರ. ಇದು ಸ್ಕ್ವಯರ್ ಕೆಲಸ, ಫೈನೈಟ್ ಕಂಪ್ಲೀಟ್ ಸಿಸ್ಟಮ್ ಇದ್ರೆ ಎಫ್‌ಡಿಟಿ ಇರುತ್ತೆ ಅಂತ. ಅವರು 1992ರಲ್ಲಿ ತೀರಿಹೋದ್ರು, ಆ ಕೆಲಸ ಓಟೋ ಮತ್ತು ಕೊಬಯಾಶಿ ಜೊತೆ 1994ರಲ್ಲಿ ಪ್ರಕಟ ಆಯ್ತು. ಫೈನೈಟ್ ಪ್ರೆಸೆಂಟೇಶನ್ ಇರೋ ಗ್ರೂಪ್‌ಗಳಿಗೆ ಎಫ್‌ಡಿಟಿ ಅಂದ್ರೂ ಎಫ್‌ಪಿ-3 ಅಂದ್ರೂ ಒಂದೇ ಅಂತ ಕ್ರೆಮನ್ಸ್ ಮತ್ತು ಓಟೋ 1996ರಲ್ಲಿ ತೋರಿಸಿದ್ರು. ಹಾಗಾಗಿ ಮೇಲಿನ ಎಂ ಗೆ ಎಫ್‌ಡಿಟಿ ಇದೆ, ಜಿ ಗೆ ಇಲ್ಲ.

ಹೀಗಾಗೋದು ಯಾಕೆ ಅಂತ ಕಣ್ಣಿಗೆ ಕಟ್ಟಬೇಕು ಅಂದ್ರೆ ಬಿಎಂ ನೇ ನೋಡಿ. ಕ್ರಿಟಿಕಲ್ ಪೇರ್ ಇಲ್ಲದ್ರಿಂದ ನಮ್ಮ ಬಿಎಂ ಹೋಮೋಟೊಪಿ ಲೆಕ್ಕದಲ್ಲಿ ಬರೀ ಎರಡು ಡೈಮೆನ್ಶನ್ನಿನ ಕಾಂಪ್ಲೆಕ್ಸ್: ಒಂದು ಬಿಂದು, ಅಕ್ಷರಕ್ಕೊಂದು ಕುಣಿಕೆ, ರೂಲ್‌ಗೊಂದು ಹಾಳೆ. ಅದು ಜಿ ಯ ಪ್ರೆಸೆಂಟೇಶನ್ ಕಾಂಪ್ಲೆಕ್ಸೇ. ಗ್ರೂಪ್ ಆಗಿದ್ರೆ ಹಾಳೆಗಳು ಸೇರಿ ಆಗೋ ಪ್ರತಿ ಗೋಳಾನೂ ಒಳಗಿಂದ ತುಂಬಿಸಿ, ಆಮೇಲೆ ಅದರಿಂದ ಹುಟ್ಟೋ ಮೇಲಿನ ಡೈಮೆನ್ಶನ್ನಿನ ಗೋಳಗಳನ್ನೂ ತುಂಬಿಸಿ, ಹೀಗೇ ಹೋಗಬೇಕು, ಸ್ಟಾಲಿಂಗ್ಸ್ ಗ್ರೂಪ್‌ನಲ್ಲಿ ಮೊದಲ ಸುತ್ತಿನ ತುಂಬಿಸೋ ಕೆಲಸಾನೇ ಫೈನೈಟ್ ಆಗಿ ಮುಗಿಯಲ್ಲ. ಮೊನಾಯ್ಡ್ ಆ ಗೋಳಗಳನ್ನ ಖಾಲಿ ಬಿಟ್ಟುಕೊಂಡೇ ಬದುಕುತ್ತೆ. ಇದಕ್ಕೆ ಅತಿ ಚಿಕ್ಕ ಉದಾಹರಣೆ 5 ಎಲಿಮೆಂಟಿನ ಮೊನಾಯ್ಡ್. (1,1), (1,2), (2,1), (2,2) ಅನ್ನೋ ನಾಲ್ಕು ಜೋಡಿಗಳು, ಗುಣಿಸಿದ್ರೆ ಮೊದಲನೇದರ ಎಡ ಸಂಖ್ಯೆ ಎರಡನೇದರ ಬಲ ಸಂಖ್ಯೆ ಉಳಿಯುತ್ತೆ, ಜೊತೆಗೆ ಐಡೆಂಟಿಟಿ. ಎಲ್ಲ ಐಡೆಂಪೊಟೆಂಟ್, ಜಿ ಟ್ರಿವಿಯಲ್, ಆದ್ರೆ ಬಿಎಂ ಅನ್ನೋದು ಹೋಮೋಟೊಪಿ ಲೆಕ್ಕದಲ್ಲಿ ಪೂರ್ತಿ ಒಂದು ಗೋಳ! ಬರೀ 5 ಎಲಿಮೆಂಟು. ಮೆಕ್‌ಡಫ್ 1979ರಲ್ಲಿ ಇದರ ಕೊನೇ ಮಾತನ್ನೇ ಹೇಳಿಬಿಟ್ರು, ಪಾತ್ ಕನೆಕ್ಟೆಡ್ ಆಗಿರೋ ಯಾವ ಸ್ಪೇಸ್ ಕೊಟ್ರೂ ಅದರ ವೀಕ್ ಹೋಮೋಟೊಪಿ ಟೈಪ್ ಯಾವುದಾದ್ರೂ ಮೊನಾಯ್ಡಿನ ಕ್ಲಾಸಿಫೈಯಿಂಗ್ ಸ್ಪೇಸಿಂದ ಸಿಗುತ್ತೆ ಅಂತ. ಗ್ರೂಪ್‌ನ ಕ್ಲಾಸಿಫೈಯಿಂಗ್ ಸ್ಪೇಸ್‌ಗೆ ಫಂಡಮೆಂಟಲ್ ಗ್ರೂಪ್ ಬಿಟ್ರೆ ಬೇರೆ ಹೋಮೋಟೊಪಿ ಇಲ್ಲ. ಎಂ ಮತ್ತೆ ಜಿ ಯ ನಡುವಿನ ದೂರ ಅಂದ್ರೆ ಇದೇ.

ಹಾಗಾದ್ರೆ ನಿಮ್ಮ ಊಹೆ ಎಲ್ಲಿ ಪೂರ್ತಿ ನಿಜ ಆಗುತ್ತೆ? ಓರೆ ಕಂಡೀಶನ್ ಇರೋ ಕಡೆ. ಎಂ ನಲ್ಲಿ ಎಡ ಬಲ ಕ್ಯಾನ್ಸಲೇಶನ್ ಇದೆ, ಯಾವ ಎರಡು ಎಲಿಮೆಂಟ್ ತಗೊಂಡ್ರೂ ಒಂದು ಕಡೆಯಿಂದ ಕಾಮನ್ ಮಲ್ಟಿಪಲ್ ಇದೆ ಅಂದ್ರೆ ಎಂ ಅನ್ನೋದು ಜಿ ಒಳಗೆ ಕೂರುತ್ತೆ, ಜಿ ಯ ಪ್ರತಿ ಎಲಿಮೆಂಟೂ ಒಂದು ಭಿನ್ನರಾಶಿ ಥರ, ಮೇಲೆ ಒಂದು ಕೆಳಗೆ ಒಂದು. ಆಗ ಝಡ್‌ಜಿ ಅನ್ನೋದು ಝಡ್‌ಎಂ ಮೇಲೆ ಆ ಕಡೆಯಿಂದ ಫ್ಲಾಟ್, ಟೆನ್ಸರ್ ಮಾಡಿದ್ರೆ ಏನೂ ಒಡೆಯಲ್ಲ, ಟಾರ್ ಎಲ್ಲಾ ಸೊನ್ನೆ, ಎಫ್‌ಪಿ-ಎನ್ ಎಷ್ಟು ಮೇಲಕ್ಕಾದ್ರೂ ಎಂ ಇಂದ ಜಿ ಗೆ ಇಳಿಯುತ್ತೆ. ಬ್ರೇಡ್ ಮೊನಾಯ್ಡಿಂದ ಬ್ರೇಡ್ ಗ್ರೂಪಿಗೆ ಹೋಗೋ ದಾರಿ ಇದೇ, ಗಾರ್ಸೈಡ್ 1969ರಲ್ಲಿ ಹಾಕಿದ್ದು. ಜಡೆ ಹೆಣೆಯೋವಾಗ ಎಳೆಗಳು ಮುಂದಕ್ಕೆ ಮಾತ್ರ ದಾಟೋ ಹಾಗೆ ಇಟ್ಕೊಂಡ್ರೆ ಮೊನಾಯ್ಡು, ಹಿಂದಕ್ಕೂ ದಾಟಿಸಬಹುದು ಅಂದ್ರೆ ಗ್ರೂಪು. ಆದ್ರೆ ಓರೆ ಇದ್ರೂ ವಾಪಸ್ ದಾರಿ ಇಲ್ಲ ಅನ್ನೋದು ಮರೀಬೇಡಿ, ನಮ್ಮ ದೋಸೆ ಬಿಲ್ಲಿನ ಮೊನಾಯ್ಡ್ ಓರೆನೇ, ಅದರ ಜಿ ಗೆ ಎರಡು ಜನರೇಟರ್ ಸಾಕು, ಮೊನಾಯ್ಡ್‌ಗೆ ಸಾಲಲ್ಲ. ಥಾಂಪ್ಸನ್ ಗ್ರೂಪ್ ಎಫ್ (0 ಇಂದ 1ರ ತನಕದ ಗೆರೆಯನ್ನ ತುಂಡುತುಂಡಾಗಿ ಎಳೆಯೋ ಮ್ಯಾಪ್‌ಗಳ ಗ್ರೂಪ್) ಕೂಡ ಹೀಗೇ, ಅದರ ಮೊನಾಯ್ಡ್‌ಗೆ ಇನ್ಫೈನೈಟ್ ಜನರೇಟರ್ ಬೇಕು, ಗ್ರೂಪ್ ಎರಡೇ ಜನರೇಟರಿನದು, ಅದು ಎಫ್‌ಪಿ-ಇನ್ಫಿನಿಟಿ ಅಂತ ಬ್ರೌನ್ ಮತ್ತು ಗೇಗನ್ 1984ರಲ್ಲಿ ತೋರಿಸಿದ್ರು.

ಬ್ರೇಡ್‌ಗಳಿಂದ ಒಂದು ಹೆಜ್ಜೆ ಆಚೆ ಆರ್ಟಿನ್ ಮೊನಾಯ್ಡ್‌ಗಳು (ಕಗಕ… = ಗಕಗ… ಥರದ ರಿಲೇಶನ್‌ಗಳು ಮಾತ್ರ ಇರೋವು) ಸಿಗುತ್ತೆ, ಅಲ್ಲಿ ನಿಮ್ಮ ಪ್ರಶ್ನೆ ಇವತ್ತಿಗೂ ಜೀವಂತ. ಎಲ್ಲ ಆರ್ಟಿನ್ ಮೊನಾಯ್ಡೂ ತನ್ನ ಗ್ರೂಪ್ ಒಳಗೆ ಕೂರುತ್ತೆ ಅಂತ ಪಾರಿಸ್ 2002ರಲ್ಲಿ ಪ್ರೂವ್ ಮಾಡಿದ್ರು. ಬಿಎಂ ಫೈನೈಟ್ ಕಾಂಪ್ಲೆಕ್ಸ್ ಅನ್ನೋದೂ ಗೊತ್ತು. ಆದ್ರೆ ಬಿಎಂ ಇಂದ ಬಿಜಿ (ಜಿ ಯ ಕ್ಲಾಸಿಫೈಯಿಂಗ್ ಸ್ಪೇಸ್) ಗೆ ಹೋಗೋ ಮ್ಯಾಪ್ ಹೋಮೋಟೊಪಿ ಈಕ್ವಿವಲೆನ್ಸಾ ಅಂತ ಕೇಳಿದ್ರೆ ಅದು ಕೆ-ಪೈ-1 ಕಂಜೆಕ್ಚರ್ (ಆರ್ಟಿನ್ ಗ್ರೂಪಿನ ಸಹಜ ಸ್ಪೇಸ್‌ಗೆ ಫಂಡಮೆಂಟಲ್ ಗ್ರೂಪ್ ಬಿಟ್ರೆ ಬೇರೆ ಹೋಮೋಟೊಪಿ ಇಲ್ಲ ಅನ್ನೋದು) ಅನ್ನೋ ಪ್ರಸಿದ್ಧ ಪ್ರಶ್ನೆಗೆ ಸಮ, ಡೊಬ್ರಿನ್‌ಸ್ಕಾಯ 2006ರಲ್ಲಿ ಇದನ್ನ ತೋರಿಸಿದ್ರು. ಅಫೈನ್ ಆರ್ಟಿನ್ ಗ್ರೂಪ್‌ಗಳಿಗೆ ಪಾವೊಲಿನಿ ಮತ್ತು ಸಾಲ್ವೆತ್ತಿ 2021ರಲ್ಲಿ ಬಗೆಹರಿಸಿದ್ರು, ಎಲ್ಲ ಆರ್ಟಿನ್ ಗ್ರೂಪ್‌ಗಳಿಗೂ ಇನ್ನೂ ಬಗೆಹರಿದಿಲ್ಲ. ಮೊನಾಯ್ಡ್ ಗ್ರೂಪ್ ಒಳಗೆ ನೆಟ್ಟಗೆ ಕೂತಿದ್ರೂ ತುಂಬಿಸದ ಗೋಳ ಉಳೀತಾ ಇಲ್ಲವಾ ಅನ್ನೋದು ತಾನಾಗೇ ಗೊತ್ತಾಗಲ್ಲ ನೋಡಿ, ಎಂಬೆಡ್ ಆದ್ರೆ ಸಾಕು ಅಂದ್ಕೊಳ್ಳೋ ತಪ್ಪನ್ನ ವೈವಾಲಿ ತುಂಬ ಜನ ಮಾಡ್ತಾರೆ, ನೀವು ಮಾಡಬೇಡಿ. ಒಂದೇ ರಿಲೇಶನ್ ಇರೋ ಮೊನಾಯ್ಡ್‌ಗಳ ಬಗ್ಗೆ ಒಂದು ಮಾತು: ಅವೆಲ್ಲ ಎಡಕ್ಕೂ ಬಲಕ್ಕೂ ಎಫ್‌ಪಿ-ಇನ್ಫಿನಿಟಿ ಅಂತ ಗ್ರೇ ಮತ್ತು ಸ್ಟೈನ್‌ಬರ್ಗ್ 2022ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ, ಗ್ರೂಪ್‌ಗಳಿಗೆ ಲಿಂಡನ್ 1950ರಲ್ಲಿ ಮಾಡಿದ್ದರ ಮೊನಾಯ್ಡ್ ರೂಪ ಅದು. ಅವುಗಳ ವರ್ಡ್ ಪ್ರಾಬ್ಲಮ್ ಮಾತ್ರ ಇನ್ನೂ ಓಪನ್ನೇ, ಗ್ರೂಪ್‌ಗಳಿಗೆ ಮ್ಯಾಗ್ನಸ್ 1932ರಲ್ಲೇ ಮುಗಿಸಿದ್ರೂ ಕೂಡ.

ಪ್ರಾಜೆಕ್ಟ್‌ಗೆ ಏನು ಮಾಡ್ಲಿ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಸ್ಟಾಲಿಂಗ್ಸ್ ಗ್ರೂಪ್‌ಗೆ ಹಾರೋಕೆ ಮುಂಚೆ ತ ಅಕ್ಷರದ ಕಟ್ಟಡವನ್ನ ಸುಲಭದ ಗ್ರೂಪ್ ಮೇಲೆ ಮಾಡಿ ನೋಡಿ. ಹ ಅಂದ್ರೆ ಇಂಟಿಜರ್ ಜೋಡಿಗಳ ಗ್ರೂಪು, ಜನರೇಟರ್ ಕ ಮತ್ತು ಗ, ರಿಲೇಟರ್ ಒಂದೇ, ಕಗಖಘ. ಅಕ್ಷರಗಳು ಕ, ಖ, ಗ, ಘ, ತ ಒಟ್ಟು 5, ರೂಲ್‌ಗಳು ಕಖತ, ಖಕತ, ಗಘತ, ಘಗತ, ಕಗಖಘತ ಒಟ್ಟು 5. ಬಿಎಂ ನ ಆಯ್ಲರ್ ಕ್ಯಾರೆಕ್ಟರಿಸ್ಟಿಕ್ (ಬಿಂದು − ಕುಣಿಕೆ + ಹಾಳೆ) 1 − 5 + 5 = 1. ಬಿಜಿ ಅಂದ್ರೆ ಒಂದು ಟೋರಸ್ಸಿಗೆ ಒಂದು ವೃತ್ತ ಅಂಟಿಸಿದ್ದು, ಅದರದ್ದು 0 + 0 − 1 = −1. ಎರಡೂ ಎಫ್‌ಪಿ-ಇನ್ಫಿನಿಟಿನೇ, ಆದ್ರೆ ಲೆಕ್ಕ 2 ವ್ಯತ್ಯಾಸ ಬಂತು. ಆ 2 ಎಲ್ಲಿಂದ ಬಂತು ಅಂತ ಹುಡುಕಿ: ಕಖ ದ ಹಾಳೆ ಮತ್ತೆ ಖಕ ದ ಹಾಳೆ ಎರಡೂ ಒಂದೇ ಕುಣಿಕೆ ಸುತ್ತ ಅಂಟಿಕೊಂಡು ಒಂದು ಗೋಳ ಆಗುತ್ತೆ, ಗಘ ಮತ್ತೆ ಘಗ ಸೇರಿ ಇನ್ನೊಂದು. ಆ ಎರಡು ಗೋಳದ ಚಿತ್ರ ಬಿಡಿಸಿ ನಿಮ್ಮ ರೂಮ್‌ಮೇಟ್‌ಗೂ ತೋರಿಸಿ, ಆಮೇಲೆ ಸ್ಟಾಲಿಂಗ್ಸ್ ಗ್ರೂಪ್‌ಗೆ ಇದೇ ಥರ ಅಕ್ಷರ ಎಷ್ಟು ರೂಲ್ ಎಷ್ಟು ಅಂತ ಬರೆದು ಕಳಿಸಿ, ನೋಡ್ತೀನಿ.